ಸೈಕಲ್ ಪಟುವಿನ ತೊಡೆ ಬಿಗಿತ ಮತ್ತು ಫ್ಯಾಸಿಯಾ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು, ವಯಸ್ಸು 19. ಎರಡು ವರ್ಷದಿಂದ ರೋಡ್ ಸೈಕ್ಲಿಂಗ್ ಮಾಡುತ್ತಿದ್ದೇನೆ. ಮೊದಲು ವಾರಕ್ಕೆ 180 ಕಿ.ಮೀ. ಹೊಡೆಯುತ್ತಿದ್ದೆ, ಹೋದ ತಿಂಗಳಿಂದ 280 ಮಾಡಿದ್ದೇನೆ. ಸೈಕಲ್ಲು ಸೀನಿಯರ್ ಒಬ್ಬರು ಓಡಿಸುತ್ತಿದ್ದದ್ದು. ಬಲತೊಡೆಯ ಹೊರಬದಿ ಹಗ್ಗ ಬಿಗಿದ ಹಾಗಿರುತ್ತದೆ. 40 ಕಿ.ಮೀ. ದಾಟಿದರೆ ಮೊಣಕಾಲಿನ ಹೊರಗಡೆ ಚುಚ್ಚುತ್ತದೆ. 'ಫ್ಯಾಸಿಯಾ ಅಂಟಿಕೊಂಡದ, ರೋಲರ್ ಹಾಕಿ ಒಡೀಬೇಕು' ಅಂತ ಆ ಸೀನಿಯರ್ ಅಂದರು. ಮೈಗೆ ಒತ್ತುವ ಆ ಉರುಳೆಯ ಬದಲು ದಿನಾ 20 ನಿಮಿಷ ಪಿವಿಸಿ ಪೈಪಿನ ಮೇಲೆ ಉರುಳುತ್ತೇನೆ. ಚರ್ಮ ಕಂದಿದೆ, ಬಿಗಿತ ಮಾತ್ರ ಹಾಗೇ ಇದೆ. ಗರಡಿಯಲ್ಲಿ ಸಾಮು ಮಾಡುವ ಗೆಳೆಯ 'ಎಣ್ಣಿ ಹಚ್ಚಿ ಜೋರಾಗಿ ತಿಕ್ಕಿಸು' ಅನ್ನುತ್ತಾನೆ. ಅವನಿಗೂ ಟೊಂಕ ಸದಾ ಬಿಗಿ. ನಿಜವಾಗಿ ಏನಾಗಿದೆ, ಏನು ಮಾಡಲಿ?

ಉತ್ತರ: ಪೈಪಿನ ಮೇಲೆ ಉರುಳುವುದನ್ನು ಇವತ್ತೇ ನಿಲ್ಲಿಸಿ. ಚರ್ಮ ಕಂದಿದೆ ಎಂದರೆ ಒಳಗಿನ ಸಣ್ಣ ರಕ್ತನಾಳಗಳು ಒಡೆದಿವೆ ಎಂದರ್ಥ. ಕಂದು ಪೂರ್ತಿ ಮಾಯುವವರೆಗೆ ಆ ಜಾಗಕ್ಕೆ ಒತ್ತಡ ಬೇಡ. ನಿಮ್ಮ ಪತ್ರದಲ್ಲಿ ಫ್ಯಾಸಿಯಾಕ್ಕಿಂತ ಮುಖ್ಯವಾದ ಸುಳಿವು ಮೂರು ಇವೆ. ಒಂದೇ ತಿಂಗಳಲ್ಲಿ ದೂರ ಅರ್ಧಕ್ಕಿಂತ ಹೆಚ್ಚು ಏರಿದೆ, ಸೈಕಲ್ಲು ಇನ್ನೊಬ್ಬರ ಕಾಲಿನ ಅಳತೆಯದು, ನೋವು ಬಲಗಾಲಿಗೆ ಮಾತ್ರ ಇದೆ. ಇವುಗಳಿಗೆ ಆಮೇಲೆ ಬರೋಣ. ಅದಕ್ಕೂ ಮೊದಲು ಫ್ಯಾಸಿಯಾ, ಅಂದರೆ ಸ್ನಾಯುಗಳನ್ನು ಸುತ್ತಿದ ಪೊರೆ, ಎಂಥದು ಎಂಬುದು ಸರಿಯಾಗಿ ತಿಳಿಯಬೇಕು, ಯಾಕೆಂದರೆ 'ಒಡೆಯಬೇಕು' ಎಂಬ ಆ ಒಂದು ಮಾತೇ ನಿಮ್ಮನ್ನು ಇಷ್ಟು ದಿನ ಪೈಪಿನ ಮೇಲೆ ಉರುಳಿಸಿದೆ.

ಇಂಡಿ ತಾಲ್ಲೂಕಿನ ಲಿಂಬೆಹಣ್ಣನ್ನು ಅಡ್ಡ ಕೊಯ್ದು ನೋಡಿ. ರಸ ತುಂಬಿದ ಪುಟ್ಟ ಪುಟ್ಟ ಚೀಲಗಳಿವೆ, ಅವುಗಳನ್ನು ಸೇರಿಸಿ ಹಿಡಿದ ತೊಳೆಯ ಪೊರೆಯಿದೆ, ಎಲ್ಲ ತೊಳೆಗಳನ್ನೂ ಸುತ್ತಿದ ಬಿಳಿ ಪದರವಿದೆ. ಸ್ನಾಯುವಿನ ಕಟ್ಟಣೆಯೂ ಹಾಗೆಯೇ. ಒಂದೊಂದು ಸ್ನಾಯು ಎಳೆಗೂ ಒಂದು ಪೊರೆ, ಎಳೆಗಳ ಕಟ್ಟಿಗೆ ಇನ್ನೊಂದು, ಇಡೀ ಸ್ನಾಯುವಿಗೆ ಮತ್ತೊಂದು, ಅದರ ಮೇಲೆ ತೊಡೆಯನ್ನು ಕಾಲುಚೀಲದ ಹಾಗೆ ಸುತ್ತಿದ ದಪ್ಪನೆಯ ಆಳದ ಫ್ಯಾಸಿಯಾ. ಮಾಂಸ ಕೊಯ್ಯುವಾಗ ಮೇಲೆ ಕಾಣುವ ಮಿನುಗುವ ಬಿಳಿ ಪೊರೆ ಇದೇ. ನಮ್ಮ ಕಡೆ 'ನರ ಹಿಡಿದಿದೆ', 'ನರ ಹತ್ತಿದೆ' ಎನ್ನುವಾಗ ಜನ ತೋರಿಸುವ ಜಾಗದಲ್ಲಿ ಹೆಚ್ಚಿನ ಸಲ ಇರುವುದು ನರವಲ್ಲ; ಸ್ನಾಯು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮತ್ತು ಈ ಪೊರೆ.

ಇದು ಸಂಯೋಜಕ ಅಂಗಾಂಶ. ಮುಖ್ಯವಾಗಿ ಕೊಲಾಜೆನ್ ಎಂಬ ಗಟ್ಟಿ ಎಳೆಗಳು, ಹಿಗ್ಗಿ ಕುಗ್ಗುವ ಸ್ವಲ್ಪ ಎಲಾಸ್ಟಿನ್, ಬಹಳಷ್ಟು ನೀರು, ಇವನ್ನೆಲ್ಲ ನೇಯುವ ಜೀವಕೋಶಗಳು. ಆಳದ ಫ್ಯಾಸಿಯಾದಲ್ಲಿ ಎರಡು ಮೂರು ಪದರಗಳಿದ್ದು, ಪ್ರತಿ ಪದರದ ಎಳೆಗಳೂ ಬೇರೆ ಬೇರೆ ದಿಕ್ಕಿಗೆ ಸಾಗುತ್ತವೆ. ಇಳಕಲ್ ಸೀರೆಯನ್ನು ಹಾಸಿನ ಉದ್ದಕ್ಕೆ ಎಳೆದರೆ ಜಗ್ಗುವುದಿಲ್ಲ, ಓರೆಯಾಗಿ ಎಳೆದರೆ ಕೊಂಚ ಸಡಿಲ ಕೊಡುತ್ತದೆ. ಫ್ಯಾಸಿಯಾದ ಗುಣವೂ ಅಂಥದೇ. ಪದರಗಳ ನಡುವೆ ಹಯಾಲುರೋನಾನ್ ಎಂಬ ಜಾರು ದ್ರವ ಇರುತ್ತದೆ. ಬಹಳ ಹೊತ್ತು ಅಲ್ಲಾಡದೆ ಕೂತರೆ ಪದರಗಳು ಸಲೀಸಾಗಿ ಜಾರುವುದಿಲ್ಲ. ಮೈ ಬಿಸಿಯಾಗಿ ಕೈಕಾಲು ಆಡತೊಡಗಿದರೆ ಮತ್ತೆ ಜಾರುತ್ತವೆ. ಬೆಳಿಗ್ಗೆ ಎದ್ದ ಕೂಡಲೆ ಇರುವ ಬಿಗಿ ಹತ್ತು ನಿಮಿಷ ಓಡಾಡಿದರೆ ಸಡಿಲವಾಗುವುದಕ್ಕೆ ಇದೂ ಒಂದು ಕಾರಣ.

ಆಟಗಾರನಿಗೆ ಇದರ ಕೆಲಸ ಮೂರು. ಸ್ನಾಯು ಹುಟ್ಟಿಸಿದ ಬಲದಲ್ಲಿ ಒಂದಷ್ಟು ಪಾಲು ಸ್ನಾಯುರಜ್ಜುವಿನ ಮೂಲಕ ನೇರ ಹೋಗದೆ ಈ ಪೊರೆಗಳ ಮೂಲಕ ಪಕ್ಕದ ಸ್ನಾಯುವಿಗೂ ಹರಿಯುತ್ತದೆ. ಎರಡನೆಯದು, ಉಬ್ಬುವ ಸ್ನಾಯುವನ್ನು ಹೊರಗಿನಿಂದ ಬಿಗಿಹಿಡಿದು ರಕ್ತವನ್ನು ಮೇಲಕ್ಕೆ ತಳ್ಳಲು ನೆರವಾಗುತ್ತದೆ. ಮೂರನೆಯದನ್ನು ಜನ ಮರೆಯುತ್ತಾರೆ: ಫ್ಯಾಸಿಯಾದ ತುಂಬ ನರತುದಿಗಳಿವೆ. ಎಳೆತ, ಒತ್ತಡ, ನೋವು ಎಲ್ಲದರ ವರದಿ ಅಲ್ಲಿಂದ ಮಿದುಳಿಗೆ ಹೋಗುತ್ತದೆ. ನಿಮ್ಮ ಬಿಗಿತದ ಗುಟ್ಟು ಹೆಚ್ಚಾಗಿ ಇಲ್ಲಿದೆ.

ತೊಡೆಯ ಹೊರಬದಿ ನೀವು ಹಗ್ಗ ಎಂದದ್ದು ಇಲಿಯೋಟಿಬಿಯಲ್ ಬ್ಯಾಂಡ್, ಚಿಕ್ಕದಾಗಿ ಐಟಿ ಬ್ಯಾಂಡ್. ಅದು ಸ್ನಾಯುವಲ್ಲ, ತೊಡೆಯ ಫ್ಯಾಸಿಯಾ ಅಲ್ಲಿ ದಪ್ಪಗಟ್ಟಿ ಪಟ್ಟಿಯಾಗಿದೆ. ಮೇಲ್ಗಡೆ ಎರಡು ಸ್ನಾಯುಗಳು ಅದನ್ನು ಎಳೆದು ಹಿಡಿಯುತ್ತವೆ: ಸೊಂಟದ ಮೂಳೆಯ ಮುಂಬದಿಯಿಂದ ಬರುವ ಚಿಕ್ಕ ಸ್ನಾಯು ಒಂದು, ಪೃಷ್ಠದ ದೊಡ್ಡ ಸ್ನಾಯು ಇನ್ನೊಂದು. ಕೆಳಗೆ ಅದು ಮೊಣಕಾಲು ದಾಟಿ ಕೆಳಗಾಲಿನ ಮೂಳೆಯ ಮೇಲ್ತುದಿಯ ಹೊರಬದಿಗೆ ಕೂಡುತ್ತದೆ. ದಾರಿಯುದ್ದಕ್ಕೂ ತೊಡೆಮೂಳೆಗೆ ಅಂಟಿಕೊಂಡೇ ಇರುತ್ತದೆ. ಅದು ಅಲ್ಲಿ ಅಂಟಿರಬೇಕಾದದ್ದೇ, ರಚನೆಯೇ ಹಾಗೆ. ಬಿಗಿಯಾಗಿರಬೇಕಾದದ್ದೂ ಹೌದು. ಒಂಟಿ ಕಾಲಲ್ಲಿ ನಿಂತಾಗ ಸೊಂಟ ಪಕ್ಕಕ್ಕೆ ಕುಸಿಯದ ಹಾಗೆ ಕಾಯುವುದರಲ್ಲಿ ಈ ಪಟ್ಟಿಗೂ ಪಾಲಿದೆ.

ಇದನ್ನು ಕೈಯಿಂದಲೋ ಪೈಪಿನಿಂದಲೋ ಹಿಗ್ಗಿಸಬಹುದೇ? 2008ರಲ್ಲಿ ಪ್ರಕಟವಾದ ಒಂದು ಗಣಿತ ಮಾದರಿ ಇದನ್ನೇ ಲೆಕ್ಕ ಹಾಕಿತು. ತೊಡೆಯ ಫ್ಯಾಸಿಯಾ ಶೇ. 1ರಷ್ಟು ಕುಗ್ಗಬೇಕಾದರೂ 900 ಕೆಜಿಗಿಂತ ಹೆಚ್ಚು ಒತ್ತಡ ಬೇಕು ಎಂಬುದು ಅದರ ಉತ್ತರ. ನಿಮ್ಮ ಇಡೀ ಮೈಭಾರ ಪೈಪಿನ ಮೇಲೆ ಬಿದ್ದರೂ ಅದರ ಹತ್ತನೇ ಒಂದು ಪಾಲೂ ಆಗದು. ಹಾಗಾದರೆ ಉರುಳಿದ ಮೇಲೆ ಸ್ವಲ್ಪ ಹೊತ್ತು ಹಗುರ ಅನ್ನಿಸುವುದು ಸುಳ್ಳೇ? ಸುಳ್ಳಲ್ಲ. ಆದರೆ ಆ ಹಗುರ ಬರುವುದು ನರವ್ಯೂಹದಿಂದ. ಒತ್ತಡಕ್ಕೆ ನರತುದಿಗಳು ಸ್ಪಂದಿಸುತ್ತವೆ, ಎಳೆತವನ್ನು ಸಹಿಸುವ ಮಿತಿ ತುಸು ಏರುತ್ತದೆ. ಒಂದು ಕಾಲಿಗೆ ರೋಲರ್ ಹಾಕಿದರೆ ಮುಟ್ಟದೇ ಬಿಟ್ಟ ಇನ್ನೊಂದು ಕಾಲೂ ಸ್ವಲ್ಪ ಹೆಚ್ಚು ಬಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಪೊರೆ ಒಡೆಯುವುದರಿಂದ ಹಗುರವಾಗುವುದಾದರೆ ಮುಟ್ಟದ ಕಾಲು ಬಾಗುವುದಕ್ಕೆ ಕಾರಣವೇ ಇಲ್ಲ. ಆ ಪರಿಣಾಮವೂ ಅರ್ಧ ಗಂಟೆಯೊಳಗೆ ಬಹುಮಟ್ಟಿಗೆ ಇಳಿದುಹೋಗುತ್ತದೆ. ಹೊರಡುವ ಮುನ್ನ ಮೈ ಸಡಿಲಿಸಲು ಅದು ಸಾಕು. ಮೂಲ ಸಮಸ್ಯೆಯನ್ನು ಅದು ಮುಟ್ಟುವುದಿಲ್ಲ.

ಇನ್ನು ನೋವು. ಮೊಣಕಾಲು ಸುಮಾರು 30 ಡಿಗ್ರಿ ಬಾಗಿದಾಗ ಐಟಿ ಬ್ಯಾಂಡ್ ತೊಡೆಮೂಳೆಯ ಹೊರಗಿನ ಉಬ್ಬಿಗೆ ಒತ್ತುತ್ತದೆ. ನಡುವೆ ಇರುವ, ನರ ತುಂಬಿದ ಕೊಬ್ಬಿನ ಪದರ ಅಪ್ಪಚ್ಚಿಯಾಗಿ ಕೆರಳುತ್ತದೆ. ಸೈಕಲ್ಲಿನಲ್ಲಿ ಪೆಡಲ್ ತೀರ ಕೆಳಗೆ ಬಂದಾಗ ಮೊಣಕಾಲಿನ ಕೋನ ಹೆಚ್ಚುಕಡಿಮೆ ಅದೇ. ನಿಮಿಷಕ್ಕೆ 85 ಸುತ್ತು ತುಳಿದರೆ ಗಂಟೆಗೆ 5100 ಸಲ ಆ ಜಾಗ ಒತ್ತಿಸಿಕೊಳ್ಳುತ್ತದೆ. ಸೀಟು ಎತ್ತರವಾಗಿದ್ದರೆ ಪ್ರತಿ ಸುತ್ತಿನಲ್ಲೂ ಕಾಲು ಇನ್ನಷ್ಟು ಚಾಚಬೇಕು, ಪಟ್ಟಿ ಇನ್ನಷ್ಟು ಬಿಗಿಯಬೇಕು. ಅದೇ ಜಾಗದ ಮೇಲೆ ನೀವು ಪೈಪ್ ಇಟ್ಟು ಮತ್ತಷ್ಟು ಒತ್ತಿದಿರಿ. ಬಿಗಿತ ಹೋಗದ್ದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಸೀಟಿನಿಂದ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ಪಾದಗಳ ನಡುವೆ ಒಂದು ಗೇಣು ಅಂತರ ಇರಲಿ. ದಪ್ಪ ರಟ್ಟಿನ ಪುಸ್ತಕವನ್ನು ತೊಡೆಸಂದಿಗೆ, ಸೀಟು ಒತ್ತುವಷ್ಟೇ ಬಿಗಿಯಾಗಿ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟು ಸೆಂ.ಮೀ. ಎಂದು ಇನ್ನೊಬ್ಬರಿಂದ ಅಳೆಸಿ, ಮೂರು ಸಲ ಅಳೆದು ಸರಾಸರಿ ಹಿಡಿಯಿರಿ. ಅದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಬಂದರೆ 70.6. ಕ್ರ್ಯಾಂಕಿನ (ಪೆಡಲಿನ ತೋಳಿನ) ತಿರುಗುವ ನಡುಬಿಂದುವಿನಿಂದ ಸೀಟಿನ ಕಂಬದ ನೇರಕ್ಕೆ ಸೀಟಿನ ಮೇಲ್ಮೈವರೆಗೆ ಇಷ್ಟು ಇರಬೇಕು. ಇದು ಶುರುವಿನ ಅಂದಾಜು ಮಾತ್ರ. ಮುಂದೆ ಪರೀಕ್ಷೆ: ಗೋಡೆ ಹಿಡಿದು ಸೈಕಲ್ ಏರಿ, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತುಳಿಯಿರಿ. ಪೆಡಲ್ ತೀರ ಕೆಳಗಿರುವಾಗ ಮೊಣಕಾಲು ಆಗಷ್ಟೇ ನೇರವಾಗಬೇಕು, ಸೊಂಟ ಆ ಕಡೆ ಈ ಕಡೆ ವಾಲಬಾರದು. ವಾಲಿದರೆ ಸೀಟು ಎತ್ತರ. ಮುಂಗಾಲಿನಿಂದ ತುಳಿಯುವಾಗ ಕೆಳಗಿನ ಬಿಂದುವಿನಲ್ಲಿ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು. ಗೆಳೆಯನಿಂದ ಪಕ್ಕದಲ್ಲಿ ಫೋನ್ ಹಿಡಿಸಿ ವಿಡಿಯೊ ಮಾಡಿಸಿ ನೋಡಬಹುದು.

ಒಂದೇ ಸಲಕ್ಕೆ 3 ರಿಂದ 5 ಮಿ.ಮೀ. ಮಾತ್ರ ಇಳಿಸಿ. ಹಳೆಯ ಎತ್ತರಕ್ಕೆ ಕಂಬದ ಮೇಲೆ ಟೇಪ್ ಸುತ್ತಿ ಗುರುತು ಇಟ್ಟುಕೊಳ್ಳಿ. ಮೂರು ಸವಾರಿ ಮಾಡಿ ನೋಡಿದ ಮೇಲೆಯೇ ಮುಂದಿನ ಬದಲಾವಣೆ. ಒಮ್ಮೆಲೇ 2 ಸೆಂ.ಮೀ. ಇಳಿಸಿದರೆ ಹೊರಗಿನ ನೋವು ಹೋಗಿ ಮೊಣಚಿಪ್ಪಿನ ಮುಂದೆ ನೋವು ಶುರುವಾಗುತ್ತದೆ. ಸೀಟು ತುಂಬ ಹಿಂದಕ್ಕಿದ್ದರೂ ಐಟಿ ಬ್ಯಾಂಡ್ ಹೆಚ್ಚು ಎಳೆಯುತ್ತದೆ, ಅದನ್ನೂ ನೋಡಿ.

ಬಲಗಾಲಿಗೆ ಮಾತ್ರ ನೋವು ಇದೆಯಲ್ಲ, ಹಾಗಾಗಿ ಬಲ ಬೂಟಿನ ಕ್ಲೀಟ್ (ಬೂಟನ್ನು ಪೆಡಲಿಗೆ ಸಿಕ್ಕಿಸುವ ಅಡಿಯ ತುಂಡು) ಮೇಲೆ ಸಂಶಯ ಇರಲಿ. ಮೇಜಿನ ಅಂಚಿಗೆ ಕೂತು ಕಾಲು ಸಡಿಲ ಇಳಿಬಿಡಿ. ಪಾದ ಸಹಜವಾಗಿ ಯಾವ ಕೋನಕ್ಕೆ ತಿರುಗಿ ನಿಲ್ಲುತ್ತದೋ ಕ್ಲೀಟ್ ಅದೇ ಕೋನಕ್ಕೆ ಬಿಡಬೇಕು. ಬೆರಳು ಒಳಕ್ಕೆ ತಿರುಗುವ ಹಾಗೆ ಬಿಗಿದಿದ್ದರೆ ಮೊಣಕಾಲಿನ ಹೊರಬದಿಗೆ ಎಳೆತ ಹೆಚ್ಚು. ಒಂದು ಬದಿ ಸವೆದ ಕ್ಲೀಟ್ ಕೂಡ ಅದೇ ತಂಟೆ ಮಾಡುತ್ತದೆ, ಸವೆದಿದ್ದರೆ ಎರಡೂ ಕಾಲಿನದನ್ನು ಒಟ್ಟಿಗೆ ಬದಲಿಸಿ.

ದೂರದ ಲೆಕ್ಕ. ನೋವು 40ಕ್ಕೆ ಬರುತ್ತದಾದರೆ ಎರಡು ವಾರ 25 ಕಿ.ಮೀ.ಗೆ ನಿಲ್ಲಿಸಿ, ನೋವು ಬರುವ ಮೊದಲೇ ಇಳಿಯಬೇಕು. ವಾರಕ್ಕೆ 120 ಕಿ.ಮೀ. ಸಾಕು. ಆಮೇಲೆ ವಾರಕ್ಕೆ ಶೇ. 10ರಂತೆ ಏರಿಸಿದರೆ 280 ಮುಟ್ಟಲು ಒಂಬತ್ತು ವಾರ ಬೇಕು. ಇದು ನಿಮಗೆ ಬಹಳ ನಿಧಾನ ಅನ್ನಿಸುತ್ತದೆ, ಗೊತ್ತು. ಆದರೆ ಸ್ನಾಯುವಿನ ಶಕ್ತಿ ವಾರಗಳಲ್ಲಿ ಏರಿದರೆ ಸ್ನಾಯುರಜ್ಜು, ಫ್ಯಾಸಿಯಾಗಳ ಕೊಲಾಜೆನ್ ಗಟ್ಟಿಯಾಗಲು ತಿಂಗಳುಗಳು ಬೇಕು. ದಮ್ಮು ಮತ್ತು ತೊಡೆ ಸಿದ್ಧವಿದ್ದು ಪಟ್ಟಿ ಸಿದ್ಧವಿಲ್ಲದ ಆ ನಡುವಿನ ಅವಧಿಯಲ್ಲೇ ಹೆಚ್ಚಿನ ಹುಡುಗರು ನೋವಿಗೆ ಬೀಳುತ್ತಾರೆ.

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂಗಾರಿನಲ್ಲಿ ಟಿಕೋಟಾ, ಅಥಣಿ ಕಡೆ ಹೊರಟರೆ ಪಡುವಣ ಗಾಳಿ ಎದೆಗೆ ಬೀಸುತ್ತದೆ. ಹಟಕ್ಕೆ ದೊಡ್ಡ ಗಿಯರಿನಲ್ಲಿ ನಿಮಿಷಕ್ಕೆ 60-65 ಸುತ್ತು ತುಳಿದರೆ ಪ್ರತಿ ತುಳಿತಕ್ಕೂ ಮೊಣಕಾಲಿಗೆ ಬೀಳುವ ಹೊರೆ ದೊಡ್ಡದು. ಬಲಗಾಲು 15 ಸೆಕೆಂಡಿನಲ್ಲಿ ಎಷ್ಟು ಸಲ ಕೆಳಗೆ ಬಂತು ಎಂದು ಎಣಿಸಿ. 22 ಬಂದರೆ ನಿಮಿಷಕ್ಕೆ 88, ಸರಿಯಾಗಿದೆ. 18ಕ್ಕಿಂತ ಕಡಿಮೆ ಬಂದರೆ ಗಿಯರ್ ಇಳಿಸಿ, ವೇಗ ಕಡಿಮೆಯಾದರೆ ಆಗಲಿ.

ಇನ್ನು ಪಟ್ಟಿಯನ್ನು ಎಳೆದು ಹಿಡಿಯುವ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಈ ಉತ್ತರದಲ್ಲಿ ಒಂದನ್ನೇ ಪಾಲಿಸುವಿರಾದರೆ ಇದನ್ನು ಪಾಲಿಸಿ. ಎಡಮಗ್ಗುಲಾಗಿ ಮಲಗಿ ಬೆನ್ನು, ಪೃಷ್ಠ, ಹಿಮ್ಮಡಿ ಮೂರೂ ಗೋಡೆಗೆ ತಾಗಿರಲಿ. ಬಲಗಾಲನ್ನು ನೇರ ಇಟ್ಟು, ಹಿಮ್ಮಡಿ ಗೋಡೆಗೆ ಜಾರುತ್ತಲೇ ಇರುವ ಹಾಗೆ ಮೂರು ಸೆಕೆಂಡಿನಲ್ಲಿ ಎತ್ತಿ, ಮೂರು ಸೆಕೆಂಡಿನಲ್ಲಿ ಇಳಿಸಿ. 12 ಸಲ, ಮೂರು ಸುತ್ತು. ಹಿಮ್ಮಡಿ ಗೋಡೆ ಬಿಟ್ಟು ಮುಂದೆ ಬಂದರೆ ಕೆಲಸ ಪೃಷ್ಠದಿಂದ ಮುಂಬದಿಯ ಚಿಕ್ಕ ಸ್ನಾಯುವಿಗೆ ಹೋಗುತ್ತದೆ, ಅದು ಈಗಾಗಲೇ ದಣಿದಿದೆ; ಹೆಚ್ಚಿನವರು ತಪ್ಪುವುದು ಇಲ್ಲೇ. 15 ಸಲ ಸಲೀಸಾದ ಮೇಲೆ ಕಾಲಿಗೆ 1 ಕೆಜಿ ಮರಳಿನ ಚೀಲ ಕಟ್ಟಿಕೊಳ್ಳಿ.

ಎರಡನೆಯದು, ಮೆಟ್ಟಿಲಿಳಿತ. 15 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಬಲಗಾಲಲ್ಲಿ ನಿಂತು ಎಡ ಹಿಮ್ಮಡಿ ನೆಲ ಮುಟ್ಟುವವರೆಗೆ ನಿಧಾನ ಇಳಿದು ಮತ್ತೆ ಏಳಿ, 8 ಸಲ, ಮೂರು ಸುತ್ತು. ಎದುರಿಗೆ ಕನ್ನಡಿ ಇರಲಿ. ಮೊಣಕಾಲು ಎರಡನೇ ಬೆರಳಿನ ನೇರಕ್ಕೇ ಸಾಗಬೇಕು, ಒಳಕ್ಕೆ ವಾಲಿದರೆ ಎತ್ತರ ಕಡಿಮೆ ಮಾಡಿ. ಮೂರನೆಯದು, ಅಂಗಾತ ಮಲಗಿ ಒಂಟಿ ಕಾಲಿನ ಮೇಲೆ ಸೊಂಟ ಎತ್ತಿ ಮೂರು ಸೆಕೆಂಡು ಹಿಡಿಯುವುದು, 8 ಸಲ, ಮೂರು ಸುತ್ತು. ನಾಲ್ಕನೆಯದಕ್ಕೆ ಜಿಮ್ ಬೇಡ, 10 ಕೆಜಿ ಜೋಳದ ಚೀಲ ಸಾಕು. ಚೀಲ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಸ್ವಲ್ಪವೇ ಬಾಗಿಸಿ, ಬೆನ್ನು ಗೂನಾಗದಂತೆ ಸೊಂಟದಿಂದ ನಾಲ್ಕು ಸೆಕೆಂಡಿನಲ್ಲಿ ಬಾಗಿ, ಎರಡು ಸೆಕೆಂಡಿನಲ್ಲಿ ಎದ್ದು ನಿಲ್ಲಿ. 8 ಸಲ, ಮೂರು ಸುತ್ತು. ಎರಡು ವಾರಕ್ಕೊಮ್ಮೆ 2 ಕೆಜಿ ಏರಿಸಬಹುದು. ಹೀಗೆ ನಿಧಾನ ಇಳಿಸುತ್ತ ದುಡಿಸಿದರೆ ಹಿಂದೊಡೆಯ ಸ್ನಾಯು ಎಳೆ ನಿಜವಾಗಿಯೂ ಉದ್ದವಾಗುತ್ತದೆ. ರೋಲರ್ ಇದನ್ನು ಎಂದೂ ಮಾಡಲಾರದು.

ಇವನ್ನು ದಿನ ಬಿಟ್ಟು ದಿನ ಮಾಡಿ, ದಿನಾ ಬೇಡ. ಹೊರೆ ಹೊತ್ತ ಮೊದಲ ಒಂದು ದಿನ ಕೊಲಾಜೆನ್ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚು. ಸುಮಾರು 36 ಗಂಟೆಯ ನಂತರ ಲೆಕ್ಕ ಲಾಭದ ಕಡೆ ತಿರುಗುತ್ತದೆ. ವ್ಯಾಯಾಮದಲ್ಲಿ ಹತ್ತಕ್ಕೆ ಎರಡು ಮೂರರಷ್ಟು ನೋವು ಬಂದು ಮರುದಿನ ಬೆಳಿಗ್ಗೆಗೆ ಇಳಿದರೆ ಮುಂದುವರಿಸಿ. ಇಳಿಯದಿದ್ದರೆ ಒಂದು ಸುತ್ತು ಕಡಿಮೆ ಮಾಡಿ. ಬಿಗಿತದ ಅನುಭವ ಎರಡು ಮೂರು ವಾರದಲ್ಲಿ ತಗ್ಗಲು ಶುರುವಾಗಬೇಕು. ಅಲ್ಲಿಗೇ ಬಿಟ್ಟರೆ ಮರಳಿ ಬರುತ್ತದೆ. ಮೂರು ತಿಂಗಳು ಬಿಡಬೇಡಿ.

ರೋಲರ್‌ಗೆ ಇದರಲ್ಲಿ ಚಿಕ್ಕ ಪಾಲಿದೆ. ಚರ್ಮ ಮಾಯ್ದ ಮೇಲೆ ಅದೇ ಪೈಪಿಗೆ ಹಳೆಯ ಟವೆಲ್ ಎರಡು ಸುತ್ತು ಸುತ್ತಿ. ಐಟಿ ಬ್ಯಾಂಡ್ ಮೇಲೆ, ಅದರಲ್ಲೂ ಮೊಣಕಾಲಿನ ಹೊರಗಿನ ಮೂಳೆಯ ಹತ್ತಿರ, ಬೇಡವೇ ಬೇಡ. ಪಟ್ಟಿಯ ಮುಂದಿರುವ ತೊಡೆ ಸ್ನಾಯು, ಪೃಷ್ಠ, ಮೀನಖಂಡ, ಇಷ್ಟಕ್ಕೆ ಹಾಕಿ. ಸೊಂಟದ ಮೂಳೆಯ ಕೆಳಗಿನ ಚಿಕ್ಕ ಸ್ನಾಯುವಿಗೆ ಗೋಡೆ ಮತ್ತು ಮೈ ನಡುವೆ ಟೆನಿಸ್ ಚೆಂಡು ಇಟ್ಟು ಒತ್ತಿದರೆ ಸಾಕು. ಜಾಗವೊಂದಕ್ಕೆ 30ರಿಂದ 60 ಸೆಕೆಂಡು, ಎರಡು ಸಲ. ಉಸಿರು ಹಿಡಿಯುವಷ್ಟು ಅಥವಾ ಹಲ್ಲು ಕಚ್ಚುವಷ್ಟು ನೋವಾದರೆ ಒತ್ತಡ ಹೆಚ್ಚಾಯಿತು. ಆಗ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಮತ್ತಷ್ಟು ಬಿಗಿಯುತ್ತದೆ. ಒಟ್ಟು ಎಂಟು ನಿಮಿಷ ಮೀರಬೇಡಿ, ಮುಗಿದ ಕೂಡಲೆ 10 ನಿಧಾನದ ಬಸ್ಕಿ ಹೊಡೆಯಿರಿ. ಸಿಕ್ಕ ಸಡಿಲವನ್ನು ಆಗಲೇ ಬಳಸಿಕೊಳ್ಳಬೇಕು. ಮೊಣಕಾಲಿನ ಹಿಂದಿನ ಕುಳಿ, ತೊಡೆಸಂದಿ, ಬೆನ್ನುಮೂಳೆ, ಉಬ್ಬಿದ ರಕ್ತನಾಳ, ಇವುಗಳ ಹತ್ತಿರ ರೋಲರ್ ಸುಳಿಯಬಾರದು.

ಸವಾರಿಗೆ ಮುಂಚೆ ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಸ್ವಲ್ಪ ಹೊತ್ತು ಶಕ್ತಿ ಕುಂದುತ್ತದೆ. ಅದರ ಬದಲು 10-15 ನಿಮಿಷ ಹಗುರ ಗಿಯರಿನಲ್ಲಿ ತುಳಿಯಿರಿ. ಎಳೆತದ ವ್ಯಾಯಾಮ ಸಂಜೆಗೆ ಇರಲಿ, 30 ಸೆಕೆಂಡಿನಂತೆ ಎರಡು ಮೂರು ಸಲ.

ಗರಡಿಯ ಮಾಲೀಷನ್ನು ನಾವು ತಳ್ಳಿಹಾಕುವುದಿಲ್ಲ. ದಣಿದ ಮೈಗೆ ಹಿತವಾದ ಮಾಲೀಷಿನಿಂದ ಮರುದಿನದ ಮೈಕೈ ನೋವು ಕಡಿಮೆಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಕುಸುಬಿ ಎಣ್ಣೆಯಾಗಲಿ ಬೇರೆ ಎಣ್ಣೆಯಾಗಲಿ ಫ್ಯಾಸಿಯಾದವರೆಗೆ ಇಳಿಯುವುದಿಲ್ಲ, ಕೈ ಜಾರಲು ನೆರವಾಗುತ್ತದೆ ಅಷ್ಟೆ. ಆದರೆ ಒಂದು ಮಾತನ್ನು ಗೆಳೆಯನಿಗೂ ಹೇಳಿ. ತೊಡೆಗೆ ಜೋರು ಪೆಟ್ಟು ಬಿದ್ದು ಒಳಗೆ ರಕ್ತ ಕಟ್ಟಿದಾಗ, ಅಥವಾ 'ಕಟ್' ಎಂದು ಸ್ನಾಯು ಹರಿದಾಗ ಮೊದಲ ಮೂರು ದಿನ ತಿಕ್ಕಲೂ ಬಾರದು, ಶಾಖ ಕೊಡಲೂ ಬಾರದು. ರಕ್ತ ಕಟ್ಟಿದ ಸ್ನಾಯುವನ್ನು ಜೋರಾಗಿ ತಿಕ್ಕಿದರೆ ಅದರೊಳಗೆ ಮೂಳೆ ಬೆಳೆಯುವ ಅಪಾಯ ಇದೆ. ಆಮೇಲೆ ತಿಂಗಳುಗಟ್ಟಲೆ ಮೊಣಕಾಲು ಮಡಚಲು ಬರುವುದಿಲ್ಲ. 'ಉಳುಕು ತೆಗೆಯುತ್ತೇನೆ' ಎಂದು ಬೆನ್ನ ಮೇಲೆ ನಿಂತು ತುಳಿಸಿಕೊಳ್ಳುವುದೂ ಬೇಡ.

ಗೆಳೆಯನ ಟೊಂಕದ ವಿಷಯ. ಅಲ್ಲಿ ವಜ್ರಾಕಾರದ ದಪ್ಪ ಫ್ಯಾಸಿಯಾ ಇದೆ, ಒಂದು ಬದಿಯ ಬೆನ್ನಿನ ಅಗಲ ಸ್ನಾಯುವನ್ನು ಇನ್ನೊಂದು ಬದಿಯ ಪೃಷ್ಠದ ಸ್ನಾಯುವಿಗೆ ಅದು ಬೆಸೆಯುತ್ತದೆ. ಎದುರಾಳಿಯನ್ನು ಎತ್ತಿ ಒಗೆಯುವಾಗ ಬಲ ಈ ಓರೆ ದಾರಿಯಲ್ಲೇ ಹರಿಯುತ್ತದೆ. ಬಹುದಿನದ ಬೆನ್ನುನೋವು ಇರುವವರಲ್ಲಿ ಈ ಪದರಗಳ ಜಾರುವಿಕೆ ಸುಮಾರು ಶೇ. 20ರಷ್ಟು ಕಡಿಮೆ ಇರುವುದು 2011ರ ಅಲ್ಟ್ರಾಸೌಂಡ್ ಅಧ್ಯಯನದಲ್ಲಿ ಕಂಡಿತು. ನೋವಿನಿಂದ ಅಲ್ಲಾಟ ಕಡಿಮೆಯಾಗಿ ಹಾಗಾಯಿತೋ, ಹಾಗಾದದ್ದರಿಂದ ನೋವು ಬಂತೋ ಎಂಬುದನ್ನು ಆ ಅಧ್ಯಯನ ಹೇಳುವುದಿಲ್ಲ. ಎರಡರಲ್ಲಿ ಯಾವುದಾದರೂ ದಾರಿ ಒಂದೇ: ಟೊಂಕವನ್ನು ಎಲ್ಲ ದಿಕ್ಕಿಗೂ ಆಡಿಸುವುದು. ನೂರಾರು ಬಸ್ಕಿ, ದಂಡಗಳೆಲ್ಲ ಮುಂದೆ ಹಿಂದೆ ಹೋಗುವ ಚಲನೆಗಳು. ಅವುಗಳ ಜೊತೆ ಪಕ್ಕಕ್ಕೆ ಬಾಗುವುದು, ತಿರುಗುವುದು, ಹಗುರ ಗದೆ ಬೀಸುವುದು ದಿನಾ ಹತ್ತು ನಿಮಿಷ ಸೇರಲಿ.

ನೀರು ಕಡಿಮೆಯಾಗಿ ಫ್ಯಾಸಿಯಾ 'ಒಣಗಿದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಬೇಸಿಗೆಯಲ್ಲಿ ಸವಾರಿಗೆ ಮುಂಚೆ ಮತ್ತು ನಂತರ ತೂಕ ನೋಡಿಕೊಳ್ಳಿ. ಇಳಿದ ಪ್ರತಿ ಕಿಲೋಗೆ ಸುಮಾರು ಒಂದೂವರೆ ಲೀಟರಿನಂತೆ ಮುಂದಿನ ಕೆಲವು ಗಂಟೆಗಳಲ್ಲಿ, ಉಪ್ಪಿನಂಶ ಇರುವ ಮಜ್ಜಿಗೆಯನ್ನೂ ಸೇರಿಸಿಕೊಂಡು, ಗುಟುಕು ಗುಟುಕಾಗಿ ಕುಡಿಯಿರಿ.

ಕೆಲವು ಬಿಗಿತಗಳು ಮನೆಯಲ್ಲಿ ನೋಡಿಕೊಳ್ಳುವಂಥವಲ್ಲ. ಓಡಲು ಶುರು ಮಾಡಿದ ಪ್ರತಿ ಸಲವೂ ಇಷ್ಟೇ ನಿಮಿಷಕ್ಕೆ ಕೆಳಗಾಲು ಕಲ್ಲಾಗಿ, ಪಾದ ಜೋಮುಗಟ್ಟಿ, ನಿಂತರೆ ಕೆಲವೇ ನಿಮಿಷದಲ್ಲಿ ಹೋಗುವುದಾದರೆ ಹಿಗ್ಗದ ಫ್ಯಾಸಿಯಾದೊಳಗೆ ಒತ್ತಡ ಏರುತ್ತಿರಬಹುದು; ಮೂಳೆ ವೈದ್ಯರಿಗೆ ತೋರಿಸಿ. ಪೆಟ್ಟು ಬಿದ್ದ ಕಾಲು ಗಟ್ಟಿಯಾಗಿ ಊದಿ, ಬೆರಳು ಮೇಲೆ ಕೆಳಗೆ ಮಾಡಿದರೂ ತಡೆಯಲಾಗದ ನೋವಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಕೆಲವೇ ಗಂಟೆಗಳ ಅವಕಾಶ ಇರುತ್ತದೆ. ಒಂದೇ ಮೀನಖಂಡ ಊದಿ ಬಿಸಿಯಾಗಿದ್ದರೆ ತಿಕ್ಕಬೇಡಿ, ರಕ್ತನಾಳದಲ್ಲಿ ಗಡ್ಡೆ ಕಟ್ಟಿರಬಹುದು. ವಿಪರೀತ ಬಸ್ಕಿ ಹೊಡೆದ ಮರುದಿನ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತಿರಬಹುದು, ಅದೂ ತುರ್ತು.

ನಿಮ್ಮ ವಿಷಯದಲ್ಲಿ, ಆರು ವಾರ ಹೀಗೆ ಮಾಡಿದ ಮೇಲೂ 25 ಕಿ.ಮೀ.ಗೇ ಚುಚ್ಚುತ್ತಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ. ಬರಿಗೈಲಿ ಹೋಗಬೇಡಿ: ಸೈಕಲ್ಲು, ಬೂಟು, ಸೀಟಿನ ಹಳೆಯ ಮತ್ತು ಹೊಸ ಅಳತೆ, ಯಾವ ದಿನ ಎಷ್ಟನೇ ಕಿಲೋಮೀಟರಿಗೆ ನೋವು ಶುರುವಾಯಿತು ಎಂದು ಬರೆದಿಟ್ಟ ಚೀಟಿ, ಇಷ್ಟನ್ನೂ ಒಯ್ಯಿರಿ.